ತಾರಸಿ ಮೇಲೊಂದು ಚೌಕಟ್ಟು, ಆಗ್ನೇಯಕ್ಕೆ ಮುಖ

ಮೊದಲೇ ಲೆಕ್ಕ ಒಪ್ಪಿಸಿಬಿಡುತ್ತೇನೆ. ಆಂಟೆನಾ ಕಟ್ಟೋಕೆ ಹಿಡಿದದ್ದು ಎರಡು ಭಾನುವಾರ. ಅದರಲ್ಲಿ ಆಸ್ಟ್ರೇಲಿಯಾ ಕಾಣಿಸೋಕೆ ಐದು ವಾರ. ನಡುವಿನ ಅಷ್ಟೂ ದಿನ ನಾನು ಕೇಳಿಸಿಕೊಂಡದ್ದು ಹನುಮಂತನಗರದ ನಮ್ಮ ಮನೆ, ಕೆಳಗಿನ ಓನರ್ ಮನೆ, ಪಕ್ಕದ ಮೂರು ಮನೆಗಳ ಗಲಾಟೆಯನ್ನು.

ಹಿಡಿಯಲು ಹೊರಟದ್ದು ಹಾಡು, ವಾರ್ತೆ ಬರುವ ರೇಡಿಯೋ ಅಲ್ಲ. ಆಕಾಶವಾಣಿ ಬೆಂಗಳೂರು ಮೀಡಿಯಂ ವೇವ್‌ನಲ್ಲಿ 612 ಕಿಲೋಹರ್ಟ್ಸ್. ನಾನು ಕೈಯಾಡಿಸುತ್ತಿದ್ದದ್ದು ಅದಕ್ಕಿಂತ ಮೂವತ್ತು ಪಟ್ಟು ಕೆಳಗೆ, 20 ಕಿಲೋಹರ್ಟ್ಸ್ ಆಸುಪಾಸು. ಮಾಮೂಲಿ ರೇಡಿಯೋ ಅಲೆ ಸಮುದ್ರದ ಉಪ್ಪುನೀರಿನೊಳಗೆ ಇಳಿಯುವುದಿಲ್ಲ. ಇಷ್ಟು ನಿಧಾನದ ಅಲೆಯಾದರೆ ಒಂದಷ್ಟು ಮೀಟರ್ ಇಳಿಯುತ್ತದೆ. ಹಾಗಾಗಿ ಜಲಾಂತರ್ಗಾಮಿಗಳಿಗೆ ಸುದ್ದಿ ಮುಟ್ಟಿಸಲು ನೌಕಾಪಡೆಗಳು ಇಲ್ಲಿ ದೈತ್ಯ ಕೇಂದ್ರಗಳನ್ನು ಇಟ್ಟುಕೊಂಡಿವೆ. ನಮ್ಮದು ತಿರುನೆಲ್ವೇಲಿ ಬಳಿಯ ಐಎನ್‌ಎಸ್ ಕಟ್ಟಬೊಮ್ಮನ್, 18.2 ಕಿಲೋಹರ್ಟ್ಸ್. ಹವ್ಯಾಸಿಗಳ ಬಾಯಲ್ಲಿ ಅದು ವಿಟಿಎಕ್ಸ್. ಪಶ್ಚಿಮ ಆಸ್ಟ್ರೇಲಿಯಾದ ಎಕ್ಸ್‌ಮೌತ್‌ನಲ್ಲಿರುವುದು ಎನ್‌ಡಬ್ಲ್ಯುಸಿ, 19.8 ಕಿಲೋಹರ್ಟ್ಸ್, ಒಂದು ಮೆಗಾವಾಟ್. ಅಲ್ಲಿನ ನಡುಗೋಪುರವೇ 387 ಮೀಟರ್ ಎತ್ತರ. ಆ ಅಲೆ ಎಷ್ಟು ಉದ್ದ ಅಂದರೆ, ಒಂದೇ ಒಂದು ಅಲೆ ಮೆಜೆಸ್ಟಿಕ್ಕಿನಲ್ಲಿ ಶುರುವಾದರೆ ಯಲಹಂಕ ದಾಟಿದ ಮೇಲೆ ಮುಗಿಯುತ್ತದೆ: 15 ಕಿಲೋಮೀಟರ್.

ಒಳಗಿನ ಸಂದೇಶವೆಲ್ಲ ಗೂಢಲಿಪಿ. ಅದು ನನಗೆ ಬೇಕಾಗಿಯೂ ಇಲ್ಲ. ನನಗೆ ಬೇಕಾದದ್ದು ಅದರ ಜೋರು ಮಾತ್ರ, ಐದು ಸೆಕೆಂಡಿಗೊಂದು ಅಂಕಿ. ಈ ಅಲೆಗಳು ಕೆಳಗೆ ನೆಲ, ಮೇಲೆ ಅಯಾನುಗೋಳದ (ವಾತಾವರಣದ ಮೇಲ್ಭಾಗದಲ್ಲಿ ವಿದ್ಯುತ್ ಕಣ ತುಂಬಿದ ವಲಯ) ತಳಪದರ, ಇವೆರಡರ ನಡುವೆ ಸುರಂಗದಲ್ಲಿ ಬಂದ ಹಾಗೆ ಬರುತ್ತವೆ. ಆ ಚಾವಣಿ ಹಗಲಲ್ಲಿ ಸುಮಾರು 70 ಕಿಲೋಮೀಟರ್ ಎತ್ತರದಲ್ಲಿರುತ್ತದೆ, ರಾತ್ರಿ 85-90ಕ್ಕೆ ಏರುತ್ತದೆ. ಸೂರ್ಯನಲ್ಲಿ ಜ್ವಾಲೆ ಎದ್ದರೆ ಎಂಟು ನಿಮಿಷದಲ್ಲಿ ಕ್ಷಕಿರಣ ಇಲ್ಲಿಗೆ ಮುಟ್ಟಿ ಚಾವಣಿಯನ್ನು ಇನ್ನಷ್ಟು ಕೆಳಗೆ ತಳ್ಳುತ್ತದೆ, ದೂರದ ಕೇಂದ್ರದ ಜೋರು ಬದಲಾಗುತ್ತದೆ. ಅಂದರೆ ಮನೆಯಲ್ಲೇ ಕೂತು, ದೂರದರ್ಶಕ ಇಲ್ಲದೆ, ಮೋಡ ಕವಿದಿದ್ದರೂ ಸೂರ್ಯನ ನಾಡಿ ಹಿಡಿಯಬಹುದು. ಇದೇ ಊರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತಯಾರಾದ ಉಪಕರಣಗಳು ಆದಿತ್ಯ-ಎಲ್1 ಮೇಲೆ ಕೂತು ಆ ಕ್ಷಕಿರಣವನ್ನು ನೇರವಾಗಿಯೇ ಅಳೆಯುತ್ತಿವೆ. ನನ್ನದು ಬಡವರ ಆದಿತ್ಯ ಅನ್ನಿ.

2024ರ ಶಿವರಾತ್ರಿಯ ಮಾರನೇ ದಿನ ಶ್ರೀನಗರದ ಕಡೆ ಮೋಟರ್ ವೈಂಡಿಂಗ್ ಅಂಗಡಿಗೆ ಹೋದೆ. ಅಲ್ಲಿ ತಂತಿ ಮೀಟರ್ ಲೆಕ್ಕದಲ್ಲಿ ಕೊಡುವುದಿಲ್ಲ, ತೂಕಕ್ಕೆ.

"ಯಾವ ಮೋಟರ್‌ಗೆ ಸಾರ್?"

"ಮೋಟರ್‌ಗಲ್ಲ, ಆಂಟೆನಾಗೆ. 25 ಗೇಜ್, ಇನ್ನೂರು ಮೀಟರ್ ಬೇಕು."

"ಇನ್ನೂರು ಮೀಟರ್ ಆಂಟೆನಾ ಎಲ್ಲಿ ಕಟ್ತೀರ, ಬೆಟ್ಟದ ಮೇಲಾ?"

ಅರ್ಧ ಮಿಲಿಮೀಟರ್ ದಪ್ಪದ ತಾಮ್ರ, ಇನ್ನೂರು ಮೀಟರ್‌ಗೆ 360 ಗ್ರಾಂ ಆಸುಪಾಸು ಬರುತ್ತದೆ. ಅರ್ಧ ಕೆಜಿ ತಗೊಂಡೆ. ಆಮೇಲೆ ಉಳಿದ ತಂತಿ ಗಲಾಟೆ ತಗ್ಗಿಸುವ ಫೆರೈಟ್ ಬಳೆಗಳಿಗೆಲ್ಲ ಆಯಿತು, ನಷ್ಟವಾಗಲಿಲ್ಲ. ಮಿಕ್ಕ ಸಾಮಾನು ಎಸ್.ಪಿ. ರಸ್ತೆಯಲ್ಲಿ ಒಂದೇ ಮಧ್ಯಾಹ್ನಕ್ಕೆ ಮುಗಿಯಿತು.

ಎರಡು ಮರದ ರೀಪರ್‌ಗಳನ್ನು ಗುಣಾಕಾರದ ಗುರುತಿನ ಹಾಗೆ ಸೇರಿಸಿ, ನಾಲ್ಕೂ ತುದಿಗೆ ಗರಗಸದಲ್ಲಿ ಕಚ್ಚು ಮಾಡಿದರೆ ಒಂದು ಮೀಟರ್ ಬದಿಯ ಚೌಕ. ಅದರ ಮೇಲೆ ಐವತ್ತು ಸುತ್ತು. ಕೇಳೋಕೆ ಸುಲಭ. ಮೂವತ್ತೇಳೋ ಮೂವತ್ತೆಂಟೋ ಅನ್ನುವಾಗ ಫೋನ್ ಬಂತು, ಲೆಕ್ಕ ತಪ್ಪಿತು, ಬಿಚ್ಚಿದೆ. ಎರಡನೇ ಸಲ ಓನರ್ ಅಜ್ಜಿ ಒಂದು ಲೋಟ ಹುಣಸೆಬೀಜ ತಂದುಕೊಟ್ಟರು: "ಸುತ್ತಿಗೊಂದು ಬೀಜ ಡಬ್ಬಿಗೆ ಹಾಕು, ಫೋನ್ ಬಂದ್ರೂ ಬೀಜ ಎಲ್ಲೂ ಹೋಗಲ್ಲ." ಅದಕ್ಕಿಂತ ಒಳ್ಳೆಯ ಕೌಂಟರ್ ನನ್ನ ಹತ್ತಿರ ಇರಲಿಲ್ಲ. ಹಳೇ ಪೇಂಟ್ ಡಬ್ಬಕ್ಕೆ ಸಿಮೆಂಟ್ ಸುರಿದು ಪಿವಿಸಿ ಪೈಪ್ ನಿಲ್ಲಿಸಿ, ಅದರೊಳಗೆ ಚೌಕಟ್ಟಿನ ಕಾಲು ಇಳಿಬಿಟ್ಟೆ. ಬೇಕಾದ ಕಡೆ ತಿರುಗಿಸಬಹುದು. ಈ "ತಿರುಗಿಸಬಹುದು" ಅನ್ನೋದು ಮುಂದೆ ಏನು ಮಾಡಿತು ಅಂತ ಹೇಳುತ್ತೇನೆ.

ಸುರುಳಿಗೆ ಕೆಪಾಸಿಟರ್ ಹಾಕಿ ಒಂದೇ ಕೇಂದ್ರಕ್ಕೆ ಟ್ಯೂನ್ ಮಾಡಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನನ್ನ ಲೆಕ್ಕದಲ್ಲಿ ಸುರುಳಿ ಏಳೆಂಟು ಮಿಲಿಹೆನ್ರಿ. 10 ನ್ಯಾನೋಫ್ಯಾರಡ್ ಸೇರಿಸಿದರೆ ಸರಿಸುಮಾರು 18 ಕಿಲೋಹರ್ಟ್ಸ್‌ಗೆ ಬಂದು ಕೂರುತ್ತದೆ. ಟ್ಯೂನ್ ಮಾಡಿದರೆ ಸಿಗ್ನಲ್ ದಪ್ಪ ಸಿಗುತ್ತದೆ, ನಿಜ. ಆದರೆ ಉಳಿದ ಕೇಂದ್ರಗಳು ಹೋಗುತ್ತವೆ, ಅದಕ್ಕಿಂತ ಮುಖ್ಯವಾಗಿ ಬಿಸಿಲಿಗೆ ಕೆಪಾಸಿಟರ್ ಬೆಲೆ ಜರುಗಿದರೆ ರೇಖೆಯೂ ಜರುಗುತ್ತದೆ. ಅದು ಸೂರ್ಯನ ಜ್ವಾಲೆಯೋ ನಮ್ಮ ತಾರಸಿಯ ಬಿಸಿಲೋ ಹೇಗೆ ಗೊತ್ತಾಗಬೇಕು? ಟ್ಯೂನ್ ಮಾಡದೆ ಬಿಟ್ಟೆ. ಈಗಲೂ ಅದೇ ಸರಿ ಅನ್ನಿಸುತ್ತದೆ.

ಸುರುಳಿಯಲ್ಲಿ ಹುಟ್ಟುವುದು ಮೈಕ್ರೋವೋಲ್ಟ್‌ಗಳು. ಅದನ್ನು ನೂರು ಪಟ್ಟು ಮಾಡಲು ಎನ್ಇ 5534 ಅನ್ನುವ ಹಳೇ ಆಪ್-ಆಂಪ್, ಅಂದರೆ ಸಿಗ್ನಲ್ ಹಿಗ್ಗಿಸುವ ಚಿಪ್. ಸಮತೋಲಕ್ಕೆ ಎರಡು ರೆಸಿಸ್ಟರ್, ಗುಡುಗು ಮಿಂಚಿಗೆ ಹೆದರಿ ಸುರುಳಿಗೆ ಅಡ್ಡಲಾಗಿ ತಲೆಕೆಳಗಾಗಿ ಜೋಡಿಸಿದ ಎರಡು ಡಯೋಡ್, ಎಲ್ಲ ಸೇರಿ ಒಂದು ಸ್ಟೀಲ್ ಡಬ್ಬಿಯೊಳಗೆ. ಕೊಬ್ಬರಿ ಮಿಠಾಯಿ ಬಂದ ಡಬ್ಬಿ ಅದು. ಮುಚ್ಚಳ ಬಿಗಿಯಾಗಿ ಕೂರುತ್ತದೆ, ಒಳಗೆ ನೀರು ಹೋಗಲ್ಲ, ಕವಚವೂ ಆಯಿತು. ಕರೆಂಟ್‌ಗೆ ಯುಪಿಎಸ್‌ನಿಂದ ಕಿತ್ತ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ. ಮೊಬೈಲ್ ಚಾರ್ಜರ್ ತರಹದ ಅಡಾಪ್ಟರ್ ಹಾಕಿ ನೋಡಿದ್ದೆ; ಅದರ ಗಲಾಟೆ ಬಿಟ್ಟರೆ ಇನ್ನೇನೂ ಬರಲಿಲ್ಲ. ಬ್ಯಾಟರಿಯಾದರೆ ತಿಂಗಳಿಗೊಮ್ಮೆ ಕೆಳಗಿಳಿಸಿ ಚಾರ್ಜ್ ಮಾಡಿದರೆ ಸಾಕು. ಅಲ್ಲಿಂದ ಲ್ಯಾನ್ ಕೇಬಲ್‌ನ ಒಂದು ಜೋಡಿ ಎಳೆ ಮೆಟ್ಟಿಲ ಪಕ್ಕದಿಂದ ನನ್ನ ರೂಮಿಗೆ, ಯುಎಸ್‌ಬಿ ಸೌಂಡ್ ಕಾರ್ಡಿಗೆ, ಹಳೇ ಲ್ಯಾಪ್‌ಟಾಪ್‌ಗೆ. ಸೌಂಡ್ ಕಾರ್ಡ್ ಸೆಕೆಂಡಿಗೆ 48,000 ಸಲ ಅಳೆಯುತ್ತದೆ, ಹಾಗಾಗಿ 24 ಕಿಲೋಹರ್ಟ್ಸ್‌ವರೆಗೆ ಎಲ್ಲವೂ ಅದಕ್ಕೆ ಬರೀ ಶಬ್ದ. ಬೇರೆ ರೇಡಿಯೋ ಸೆಟ್ಟೇ ಬೇಕಾಗಿಲ್ಲ. ಮಿಕ್ಕದ್ದು ಪೈಥಾನ್‌ ಪ್ರೋಗ್ರಾಮಿನ ಅರವತ್ತು ಸಾಲು: ಯಾವ ಆವರ್ತನದಲ್ಲಿ ಎಷ್ಟು ಜೋರು ಅನ್ನುವುದನ್ನು ಪರದೆಯ ಮೇಲೆ ಗೆರೆಗಳಾಗಿ ತೋರಿಸುತ್ತದೆ.

ಮೊದಲ ದಿನ ಏನೂ ಬರಲಿಲ್ಲ. ವೈಂಡಿಂಗ್ ತಂತಿಯ ವಾರ್ನಿಷ್ ಕೆರೆಯದೇ ಬೆಸುಗೆ ಹಾಕಿದ್ದೆ. ಇಪ್ಪತ್ತು ವರ್ಷದಿಂದ ಸೋಲ್ಡರಿಂಗ್ ಐರನ್ ಹಿಡಿದವನು ಮಾಡುವ ತಪ್ಪಲ್ಲ, ಮುಂದೆ ಹೋಗೋಣ. ಎರಡನೇ ದಿನ ಮನೆ ಕರೆಂಟಿನ 50 ಹರ್ಟ್ಸ್ ಗುಂಯ್ ಕಾರ್ಡನ್ನೇ ತುಂಬಿಬಿಟ್ಟಿತ್ತು. ಆಂಪ್ಲಿಫೈಯರ್ ಮತ್ತು ಮೈಕ್ ಜ್ಯಾಕ್ ನಡುವೆ ಇದ್ದ 1 ಮೈಕ್ರೋಫ್ಯಾರಡ್ ತೆಗೆದು 10 ನ್ಯಾನೋಫ್ಯಾರಡ್ ಹಾಕಿದೆ. ಮೈಕ್ ಜ್ಯಾಕ್‌ನ ಒಳಗಿನ ಪ್ರತಿರೋಧ ಎರಡು ಕಿಲೋಓಮ್ ಆಸುಪಾಸು ಇರುವುದರಿಂದ ಎಂಟು ಕಿಲೋಹರ್ಟ್ಸ್‌ಗಿಂತ ಕೆಳಗಿನದ್ದೆಲ್ಲ ತಗ್ಗಿತು. ಮೈಕಿಗೆ ಕಾರ್ಡ್ ಕೊಡುವ ಎರಡು ವೋಲ್ಟ್ ಕೂಡ ಅಲ್ಲೇ ತಡೆಯಿತು. ಹತ್ತು ಪೈಸೆಯ ಮದ್ದು.

ಆಗ ಬಂತು ನೋಡಿ ನನ್ನ ಮೊದಲ "ಕೇಂದ್ರ". 15.6 ಕಿಲೋಹರ್ಟ್ಸ್ ಹತ್ತಿರ, ಕತ್ತಿಯಲ್ಲಿ ಗೀರಿದ ಹಾಗೆ ನೆಟ್ಟಗೆ ಒಂದು ಗೆರೆ. ಪಕ್ಕದಲ್ಲಿ 16.75ರಲ್ಲಿ ಇನ್ನೊಂದು ತೆಳು ಗೆರೆ. ಸಂಜೆ ಏಳಕ್ಕೆ ಶುರು, ಹತ್ತಕ್ಕೆ ನಿಂತಿತು. ಮಾರನೇ ದಿನವೂ ಅಷ್ಟೇ. ನಾಲ್ಕು ದಿನ ಬರೆದಿಟ್ಟುಕೊಂಡೆ, ಪಟ್ಟಿಗಳಲ್ಲೆಲ್ಲ ಹುಡುಕಿದೆ, ಯಾವ ದೇಶದ ನೌಕಾಪಡೆಯೂ ಹೊಂದಲಿಲ್ಲ. ಐದನೇ ದಿನ ಭಾನುವಾರ, ಗೆರೆ ಮಧ್ಯಾಹ್ನವೇ ಬಂತು. ಯಾವ ಜಲಾಂತರ್ಗಾಮಿಗೆ ಭಾನುವಾರ ಸ್ಪೆಷಲ್? ಆಮೇಲೆ ಎರಡು ಗೆರೆಗಳ ಲೆಕ್ಕ ಹಾಕಿದೆ. ಕಾರ್ಡಿನ ಮಿತಿ ಮೀರಿದ ಆವರ್ತನ 48ರಿಂದ ಕಳೆದು ವಾಪಸು ಮಡಚಿಕೊಂಡು ಬರುತ್ತದೆ. 48ರಲ್ಲಿ 16.75 ಕಳೆದರೆ 31.25. ಅದರ ಅರ್ಧ 15.625. ಹಳೇ ಟಿವಿಯಲ್ಲಿ 625 ಗೆರೆ, ಸೆಕೆಂಡಿಗೆ 25 ಚಿತ್ರ, ಗುಣಿಸಿದರೆ 15,625.

ಕೆಳಗೆ ಹೋದೆ. ಅಜ್ಜಿ ಧಾರಾವಾಹಿ ನೋಡುತ್ತಿದ್ದರು, ಮೂಲೆಯಲ್ಲಿ ಡಬ್ಬಾ ಟಿವಿ, ಮೇಲೆ ಕ್ರೋಶಾದ ಹೊದಿಕೆ.

"ಅಜ್ಜಿ, ಒಂದ್ ನಿಮಿಷ ಟಿವಿ ಆಫ್ ಮಾಡ್ತೀರಾ? ಒಂದು ಪರೀಕ್ಷೆ."

"ಈಗ್ಲಾ? ಸೊಸೆಗೆ ವಿಷಯ ಗೊತ್ತಾಗೋ ಹೊತ್ತಿಗೆ ಬಂದಿದೀಯಲ್ಲಪ್ಪಾ. ಅಡ್ವರ್ಟೈಸ್‌ಮೆಂಟ್ ಬರ್ಲಿ, ತಾಳು."

ಜಾಹೀರಾತು ಬಂತು, ಆರಿಸಿದರು, ಮೇಲೆ ಲ್ಯಾಪ್‌ಟಾಪ್‌ನಲ್ಲಿ ಎರಡೂ ಗೆರೆ ಒಟ್ಟಿಗೆ ಹೋದವು. ಮತ್ತೆ ಹಾಕಿದರು, ಬಂದವು. ಅದನ್ನು ಓಡಿಸಲು ನಾನೇನೂ ಮಾಡಲಿಲ್ಲ. 19.8ಕ್ಕೂ ಅದಕ್ಕೂ ನಾಲ್ಕು ಕಿಲೋಹರ್ಟ್ಸ್ ಅಂತರ, ತನ್ನ ಪಾಡಿಗೆ ಇರಲಿ. ಈಗಲೂ ಲಾಗ್‌ನಲ್ಲಿ ಆ ಕಾಲಮ್ಮಿಗೆ "ಅಜ್ಜಿ" ಅಂತಲೇ ಹೆಸರು.

ನಿಜವಾದ ತೊಂದರೆ ಗೆರೆಗಳದ್ದಲ್ಲ, ಮಂಜಿನದ್ದು. 10ರಿಂದ 24 ಕಿಲೋಹರ್ಟ್ಸ್‌ವರೆಗೆ ಇಡೀ ಪರದೆ ಬೂದಿ ಬಳಿದ ಹಾಗೆ. ಎಲ್ಲಿಂದ ಬರುತ್ತಿದೆ ಗೊತ್ತಾಗದು. ಏಪ್ರಿಲ್ ಮೂರನೇ ವಾರ, ಒಂದು ರಾತ್ರಿ ಒಂಬತ್ತೂವರೆಗೆ ಬೀದಿಗೆ ಬೀದಿಯೇ ಕರೆಂಟ್ ಹೋಯಿತು. ನಮ್ಮ ಇನ್ವರ್ಟರ್ ಆರಿಸಿ, ಕತ್ತಲಲ್ಲಿ ಬ್ಯಾಟರಿ ಮೇಲೆ ಓಡುತ್ತಿದ್ದ ಲ್ಯಾಪ್‌ಟಾಪ್ ನೋಡುತ್ತೇನೆ: ಪರದೆ ಕಪ್ಪಗೆ ತೊಳೆದಿಟ್ಟ ಹಾಗಿದೆ. ನಡುವೆ, 19.8ರಲ್ಲಿ, ಇನ್ನೂರು ಹರ್ಟ್ಸ್ ಅಗಲದ ಒಂದು ಪಟ್ಟಿ. ಟಿವಿಯದ್ದರಂತೆ ಚೂಪಲ್ಲ, ಒರಟಾದ ನೂಲಿನ ದಾರದಂತೆ ದಪ್ಪ; ಸಂದೇಶ ಹೊತ್ತ ಅಲೆ ಹಾಗೇ ಕಾಣಬೇಕು. 18.2ರಲ್ಲಿ ಇನ್ನೊಂದು. ಒಂದು 5,500 ಕಿಲೋಮೀಟರ್ ಆಚೆಯದು, ಇನ್ನೊಂದು ಐನೂರು ಕಿಲೋಮೀಟರ್ ದಕ್ಷಿಣದ್ದು. ಸಂತೋಷ ಎರಡು ನಿಮಿಷ. ಪಕ್ಕದ ಮನೆಯವರು ಇನ್ವರ್ಟರ್ ಆನ್ ಮಾಡಿದರು, ಮತ್ತೆ ಮಂಜು. ಆದರೂ ಕೇಂದ್ರ ಅಲ್ಲೇ ಇದೆ, ಮುಚ್ಚಿಹೋಗಿದೆ ಅಷ್ಟೇ ಅನ್ನುವುದು ಖಾತ್ರಿಯಾಯಿತು.

ಅಲ್ಲಿಂದ ಮುಂದಿನದ್ದು ಕಳ್ಳ ಹಿಡಿಯುವ ಕೆಲಸ. ನಮ್ಮ ಮನೆಯ ಮೈನ್ ಆಫ್ ಮಾಡಿ, ಒಂದೊಂದೇ ಎಂಸಿಬಿ ಏರಿಸುತ್ತಾ ಹೋದೆ. ದೊಡ್ಡ ಕಳ್ಳ ಅಡಿಗೆಮನೆಯ ಎಲ್ಇಡಿ ಟ್ಯೂಬ್‌ಲೈಟ್. ಎರಡನೆಯವನು ವೈಫೈ ರೌಟರ್‌ನ ಅಡಾಪ್ಟರ್. ಮೂರನೆಯವನು, ಹೇಳೋಕೆ ನಾಚಿಕೆ, ಲಾಗ್ ಬರೆಯುತ್ತಿದ್ದ ಲ್ಯಾಪ್‌ಟಾಪ್‌ನದೇ ಚಾರ್ಜರ್. ಟ್ಯೂಬ್ ಬದಲಾಯಿಸಿದೆ. ಅಡಾಪ್ಟರ್, ಚಾರ್ಜರ್ ತಂತಿಗಳನ್ನು ಫೆರೈಟ್ ಬಳೆಯಲ್ಲಿ ಏಳೇಳು ಸುತ್ತು ಸುತ್ತಿದೆ. ಪಕ್ಕದ ಮನೆಗಳ ಮೇಲೆ ನನ್ನ ಅಧಿಕಾರ ನಡೆಯಲ್ಲ, ಹಾಗಾಗಿ ಚೌಕಟ್ಟನ್ನೇ ನೀರಿನ ಟ್ಯಾಂಕಿನ ಬಳಿಯಿಂದ ಎತ್ತಿ ಮೀಟರ್ ಬೋರ್ಡಿಗೆ ದೂರದ ಮೂಲೆಗೆ ಸಾಗಿಸಿದೆ. ಹತ್ತಿರದ ಇಂಥ ಸಣ್ಣ ಮೂಲಗಳ ಕಾಂತಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ: ಎರಡು ಮೀಟರ್ ಇದ್ದದ್ದು ಆರಾದರೆ ಗಲಾಟೆ ಇಪ್ಪತ್ತೇಳನೇ ಒಂದು ಭಾಗ. ಆಸ್ಟ್ರೇಲಿಯಾಕ್ಕೆ ನಾಲ್ಕು ಮೀಟರ್ ಹೆಚ್ಚಾದರೇನು, ಕಡಿಮೆಯಾದರೇನು. ನಾನು ಮಾಡಿದ ಎಲ್ಲ ಸರ್ಕ್ಯೂಟ್ ಕಸರತ್ತಿಗಿಂತ ಆ ಪೇಂಟ್ ಡಬ್ಬ ಎಳೆದಾಡಿದ್ದೇ ಹೆಚ್ಚು ಫಲ ಕೊಟ್ಟಿತು.

ಒಂದು ಗಲಾಟೆ ಮಾತ್ರ ಉಳಿಸಿಕೊಂಡೆ. ಆ ಬೇಸಗೆ ನೆನಪಿದೆಯಲ್ಲ, ನೀರಿಗೆ ಹಾಹಾಕಾರ. ಮೂರು ದಿನಕ್ಕೊಂದು ಟ್ಯಾಂಕರ್ ಬಂದು ಸಂಪ್ ತುಂಬಿದ ಮೇಲೆ ಮೋಟರ್ ಹಾಕಿದರೆ ಲಾಗ್‌ನಲ್ಲಿ ಇಪ್ಪತ್ತು ನಿಮಿಷದ ಗೋಡೆ ಏಳುತ್ತಿತ್ತು. ಆಫೀಸಿನಿಂದಲೇ ಫೋನ್‌ನಲ್ಲಿ ಗ್ರಾಫ್ ನೋಡಿ "ನೀರು ಬಂತು" ಅಂತ ಮನೆಯವರಿಗೆ ಮೆಸೇಜ್ ಮಾಡುತ್ತಿದ್ದೆ. ಸೂರ್ಯನಿಗಿಂತ ಅದರದ್ದೇ ಉಪಯೋಗ ಹೆಚ್ಚಾಗಿತ್ತು.

ಚೌಕಟ್ಟಿನ ದಿಕ್ಕಿನ ವಿಷಯ. ಸುರುಳಿ ತನ್ನ ಅಂಚು ತೋರಿದ ಕಡೆಯಿಂದ ಚೆನ್ನಾಗಿ ಹಿಡಿಯುತ್ತದೆ. ಅದಕ್ಕೆ ಅಡ್ಡಲಾದ ದಿಕ್ಕಿನದ್ದು ಅದಕ್ಕೆ ಕಾಣುವುದೇ ಇಲ್ಲ. ಭೂಗೋಲದ ಮೇಲೆ ಲೆಕ್ಕ ಹಾಕಿದರೆ ಇಲ್ಲಿಂದ ಎಕ್ಸ್‌ಮೌತ್ ಉತ್ತರದಿಂದ 134 ಡಿಗ್ರಿ, ಅಂದರೆ ಅಪ್ಪಟ ಆಗ್ನೇಯ. ಒಲೆ ಇಡೋ ಮೂಲೆ. ದಿಕ್ಸೂಚಿ ಹಿಡಿದು ಹಾಗೇ ನಿಲ್ಲಿಸಿದ್ದೆ. ಮೇ ಮೊದಲ ವಾರ ಒಂದು ಬೆಳಗ್ಗೆ ಹತ್ತೂಕಾಲಿಗೆ ಎನ್‌ಡಬ್ಲ್ಯುಸಿ ದಿಢೀರನೆ ಪಾತಾಳಕ್ಕೆ. ಕೇಂದ್ರವೇ ದುರಸ್ತಿಗೆ ನಿಂತಿದೆ ಅಂದುಕೊಂಡೆ, ಅದೂ ಉಂಟು. ಆದರೆ ಅದೇ ಹೊತ್ತಿಗೆ 22.2 ಕಿಲೋಹರ್ಟ್ಸ್‌ನಲ್ಲಿ, ಅಲ್ಲಿವರೆಗೆ ಏನೂ ಇಲ್ಲದ ಕಡೆ, ತೆಳ್ಳಗೆ ಒಂದು ಪಟ್ಟಿ ಎದ್ದಿತ್ತು. ಜೆಜೆಐ, ಜಪಾನಿನ ಎಬಿನೋ. ಆಸ್ಟ್ರೇಲಿಯಾ ಹೋಗಿ ಜಪಾನ್ ಬರುವುದೆಂದರೇನು?

ತಾರಸಿಗೆ ಓಡಿದೆ. ಚೌಕಟ್ಟು ಕಾಲು ಸುತ್ತು ತಿರುಗಿದೆ, ಅದರ ಮೇಲ್ತುದಿಯಿಂದ ಟ್ಯಾಂಕಿನ ಕಂಬಕ್ಕೆ ಹಗ್ಗ, ಹಗ್ಗದ ಮೇಲೆ ಎರಡು ಸೀರೆ.

"ಅಡ್ಡ ಇತ್ತು ಕಣಪ್ಪಾ, ಸ್ವಲ್ಪ ತಿರುಗಿಸ್ದೆ. ಕೆಟ್ಟೋಗಿಲ್ಲ ತಾನೇ?"

ಕೆಟ್ಟಿರಲಿಲ್ಲ. ಎಬಿನೋ ಇಲ್ಲಿಂದ 59 ಡಿಗ್ರಿ. ಅಜ್ಜಿ ತಿರುಗಿಸಿದ ದಿಕ್ಕು ಹೆಚ್ಚುಕಡಿಮೆ ಅದೇ. 5,800 ಕಿಲೋಮೀಟರ್ ದೂರದ ಜಪಾನನ್ನು ನಮ್ಮ ಮನೆಯಲ್ಲಿ ಮೊದಲು ಹಿಡಿದವರು ಅಜ್ಜಿ. ಬಟ್ಟೆ ಒಣಗಿದ ಮೇಲೆ ವಾಪಸು ತಿರುಗಿಸಿ, ಪೇಂಟ್ ಡಬ್ಬದ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆದೆ, ಬಟ್ಟೆಗೆ ಬೇರೆ ಹಗ್ಗ ಕಟ್ಟಿಕೊಟ್ಟೆ.

ಅಷ್ಟರಲ್ಲಿ ದಿನದ ರೇಖೆಗೆ ಒಂದು ಆಕಾರ ಬಂದಿತ್ತು. ರಾತ್ರಿಯೆಲ್ಲ ಎತ್ತರದಲ್ಲಿ ತೂಗಾಟ. ನಾಲ್ಕೂಕಾಲಕ್ಕೆ, ಇಲ್ಲಿ ಹಾಲಿನವನೂ ಎದ್ದಿರದ ಹೊತ್ತಿಗೆ, ಎಕ್ಸ್‌ಮೌತ್‌ನಲ್ಲಿ ಸೂರ್ಯ ಹುಟ್ಟುತ್ತಾನೆ. ಅಲ್ಲಿಂದ ಬೆಳಕಿನ ಅಂಚು ಹಿಂದೂ ಮಹಾಸಾಗರ ದಾಟಿಕೊಂಡು ಬರುತ್ತಾ ಇದ್ದ ಹಾಗೆ ರೇಖೆ ಹಳ್ಳಕ್ಕೆ ಬಿದ್ದು ಏಳುತ್ತದೆ, ಮತ್ತೆ ಬಿದ್ದು ಏಳುತ್ತದೆ. ಹಗಲಿನ ಕಡೆಯಿಂದ ರಾತ್ರಿಯ ಕಡೆಗೆ ದಾಟುವಲ್ಲಿ ಅಲೆ ಒಡೆದು, ರಾತ್ರಿ ಚಾವಣಿಯ ಕೆಳಗೆ ಬೇರೆ ಬೇರೆ ಬಗೆಯಲ್ಲಿ ಸಾಗಿ ಒಂದನ್ನೊಂದು ಅಳಿಸಿಕೊಳ್ಳುವುದು ಇದಕ್ಕೆ ಕಾರಣ. ಆರು ಗಂಟೆಗೆ ಇಲ್ಲೂ ಬೆಳಗಾದ ಮೇಲೆ ರೇಖೆ ಸಮತಟ್ಟು, ಸಂಜೆವರೆಗೆ. ಮೇ ತಿಂಗಳ ಸಂಜೆ ಮಳೆ ಮೋಡ ಕಟ್ಟಿದರೆ ಮಿಂಚುಗಳ ಚಟಪಟ ಎಲ್ಲದರ ಮೇಲೂ ಉಪ್ಪು ಎರಚಿದ ಹಾಗೆ.

ಮೇ 10, ಶುಕ್ರವಾರ. ಬಸವ ಜಯಂತಿ, ಅಕ್ಷಯ ತೃತೀಯ, ರಜೆ. ಹನ್ನೆರಡು ಹೊಡೆಯುವ ಹೊತ್ತಿಗೆ ಅಜ್ಜಿ ಒಬ್ಬಟ್ಟಿಗೆ ಕರೆದರು. ಇಳಿದು ಹೋದವನು ಮೂರು ತಿಂದು, ತುಪ್ಪದ ಕೈ ತೊಳೆದು ಒಂದು ಗಂಟೆಗೆ ಮೇಲೆ ಬಂದರೆ ಸಮತಟ್ಟು ಇರಬೇಕಾದ ರೇಖೆಯ ಮೇಲೆ ಒಂದು ಬೆಟ್ಟ. ಏರಿದ ಕಡೆ ಕಡಿದಾಗಿ, ಇಳಿಯುವ ಕಡೆ ಉದ್ದಕ್ಕೆ ಜಾರುತ್ತಾ, ಮಲಗಿದ ಎತ್ತಿನ ಡುಬ್ಬದ ಹಾಗೆ. ಮೊದಲು ನೋಡಿದ್ದು ಚೌಕಟ್ಟು ಯಾರಾದರೂ ತಿರುಗಿಸಿದರಾ ಅಂತ. ಗೀಟು ಸರಿಯಾಗಿತ್ತು. ಆಮೇಲೆ ನೀರಿನ ಮೋಟರ್. ಮೋಟರ್ ಆದರೆ ಪಕ್ಕದ ಆವರ್ತನಗಳೂ ಏರಬೇಕು, ಏರಿರಲಿಲ್ಲ. ಸಂಜೆ ಉಪಗ್ರಹದ ಕ್ಷಕಿರಣದ ಲೆಕ್ಕ ನೋಡಿದೆ: ಎಕ್ಸ್ 3.9 ವರ್ಗದ ಜ್ವಾಲೆ (ಎಕ್ಸ್ ಅಂದರೆ ಎಲ್ಲಕ್ಕಿಂತ ಜೋರಿನ ವರ್ಗ), ತುದಿ ಮುಟ್ಟಿದ್ದು ನಮ್ಮ ಗಡಿಯಾರದಲ್ಲಿ 12 ಗಂಟೆ 24 ನಿಮಿಷಕ್ಕೆ. ನನ್ನ ಬೆಟ್ಟದ ತುದಿ ಅದಾದ ಎರಡು ಮೂರು ನಿಮಿಷಕ್ಕೆ. ಮೇಲಿನ ಪದರ ಸುಧಾರಿಸಿಕೊಳ್ಳಲು ಹೊತ್ತು ಬೇಕು, ಅಷ್ಟು ತಡ ಸಹಜ.

ಮಾರನೇ ದಿನ ಬೆಳಗ್ಗೆ 6 ಗಂಟೆ 53 ನಿಮಿಷಕ್ಕೆ ಸೂರ್ಯನ ಮೇಲಿನ ಅದೇ ಕಲೆಗುಂಪಿನಿಂದ ಎಕ್ಸ್ 5.8. ಅದನ್ನು ಕಾಫಿ ಲೋಟ ಹಿಡಿದು ಕೂತು, ರೇಖೆ ಏಳುವಾಗಲೇ ನೋಡಿದೆ. ಈ ಎರಡು ಜ್ವಾಲೆಗಳ ನಡುವಿನ ರಾತ್ರಿ ಲಡಾಖಿನ ಹಾನ್ಲೆಯಲ್ಲಿ, ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯದ ಮೇಲಿನ ಆಕಾಶ ಕೆಂಪಾಗಿದ್ದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಅದು ಜ್ವಾಲೆಯ ಕ್ಷಕಿರಣದ ಕೆಲಸವಲ್ಲ, ಅದಕ್ಕೂ ಮುಂಚೆ ಸೂರ್ಯ ಉಗುಳಿದ್ದ ಪ್ಲಾಸ್ಮಾ ದಿನಗಟ್ಟಲೆ ಪ್ರಯಾಣ ಮಾಡಿ ಬಂದು ಬಡಿದದ್ದು. ನನ್ನ ಚೌಕಟ್ಟಿಗೆ ದಕ್ಕುವುದು ಎಂಟು ನಿಮಿಷದಲ್ಲಿ ಬರುವುದು ಮಾತ್ರ.

ಹಾಗೆಂದು ಎಲ್ಲವೂ ದಕ್ಕಲಿಲ್ಲ. ಅಕ್ಟೋಬರ್ 3ರಂದು ಎಕ್ಸ್ 9.0, ಮೇ ತಿಂಗಳ ಎಲ್ಲಕ್ಕಿಂತ ದೊಡ್ಡದು. ನಮ್ಮ ಸಂಜೆ 5 ಗಂಟೆ 48 ನಿಮಿಷ. ಇಲ್ಲಿ ಇನ್ನೂ ಬಿಸಿಲಿತ್ತು, ತಾರಸಿಯ ಮೇಲೆ ಚೌಕಟ್ಟಿನ ನೆರಳು ಉದ್ದಕ್ಕೆ ಬಿದ್ದಿತ್ತು. ರೇಖೆ ಮಾತ್ರ ಅಲುಗಲಿಲ್ಲ. ಎಕ್ಸ್‌ಮೌತ್‌ನಲ್ಲಿ ಸೂರ್ಯ ಮುಳುಗಿ ಎರಡು ಗಂಟೆಯಾಗಿತ್ತು, ದಾರಿಯ ಬಹುಪಾಲು ಕತ್ತಲಲ್ಲಿತ್ತು. ಕತ್ತಲ ಮೇಲೆ ಕ್ಷಕಿರಣ ಬೀಳುವುದಿಲ್ಲ. ಸಂಜೆಯ ಜ್ವಾಲೆಗೆ ಪಶ್ಚಿಮದ ಕಡೆಯ ಕೇಂದ್ರ ಬೇಕು. ಜರ್ಮನಿಯ ರೌಡರ್‌ಫೇನ್‌ನಲ್ಲಿ ಡಿಎಚ್‌ಒ 38 ಇದೆ, 23.4 ಕಿಲೋಹರ್ಟ್ಸ್, 7,500 ಕಿಲೋಮೀಟರ್. ದಿಕ್ಕು ಲೆಕ್ಕ ಹಾಕಿದೆ: 322 ಡಿಗ್ರಿ, ವಾಯವ್ಯ. ಆಗ್ನೇಯಕ್ಕೆ ಮುಖ ಮಾಡಿ ನಿಂತ ಚೌಕಟ್ಟಿನ ಬೆನ್ನು ಹೆಚ್ಚುಕಡಿಮೆ ಅಲ್ಲಿಗೇ ಇದೆ, ಸುರುಳಿಗೆ ಮುಖವೂ ಒಂದೇ ಬೆನ್ನೂ ಒಂದೇ. ಗೀಟು ಅಳಿಸುವ ಹಾಗೂ ಇಲ್ಲ, ಅಜ್ಜಿಯ ಹಗ್ಗ ಮುಟ್ಟುವ ಹಾಗೂ ಇಲ್ಲ. ತಕರಾರು ಸೌಂಡ್ ಕಾರ್ಡಿನದು, 24ರ ಹೊಸಿಲಲ್ಲಿ 23.4 ಉಳಿಯುತ್ತಿಲ್ಲ. 96 ಕಿಲೋಹರ್ಟ್ಸ್‌ನಲ್ಲಿ ಅಳೆಯುವ ಕಾರ್ಡಿಗೆ ಎಸ್.ಪಿ. ರಸ್ತೆಯಲ್ಲಿ ಹೇಳಿಟ್ಟಿದ್ದೇನೆ, ಶನಿವಾರ ಬಾ ಅಂದಿದ್ದಾರೆ.